ಹೈಬ್ರಿಡ್ ಟಂಡ್ರಾ ಬಲಗುಂದಿಲ್ಲ

ಟೊಯೋಟಾ ಕಂಪನಿ ತನ್ನ ದೊಡ್ಡ ಪಿಕಪ್ ಟಂಡ್ರಾವನ್ನು 2021ರಲ್ಲಿ ಅಡಿಯಿಂದ ಮುಡಿಯವರೆಗೆ ಹೊಸದಾಗಿ ಕಟ್ಟಿ ಜನರ ಮುಂದಿಟ್ಟಿತು. ಹಳೆಯ ವಿ8 ಎಂಜಿನ್ ಹೋಯಿತು, ಎರಡು ಟರ್ಬೋಗಳ ವಿ6 ಬಂತು; ಮೇಲಿನ ಮಾದರಿಗಳಲ್ಲಿ ಅದರ ಬೆನ್ನಿಗೆ ಒಂದು ವಿದ್ಯುತ್ ಮೋಟಾರೂ ಸೇರಿತು, ಅದೇ ಹೈಬ್ರಿಡ್. ಕಲ್ಲುಮಣ್ಣಿನ ಹಾದಿಗೆಂದೇ ಸಜ್ಜಾದ ಟಿಆರ್‌ಡಿ ಪ್ರೊ ಮಾದರಿ ಹೈಬ್ರಿಡ್ ಆಗಿ ಮಾತ್ರ ಸಿಗುತ್ತದೆ. ಅಂದಿನಿಂದಲೂ ಅಮೆರಿಕದ ಪಿಕಪ್ ಪ್ರಿಯರಲ್ಲಿ, ಅಲ್ಲಿ ನೆಲೆಸಿರುವ ನಮ್ಮ ಕನ್ನಡದ ಗೆಳೆಯರಲ್ಲೂ, ಈ ಗಾಡಿಯ ಮೇಲಿನ ತಕರಾರು ನಿಂತಿಲ್ಲ. ನನಗಂತೂ ಇದು ತುಂಬ ಮೆಚ್ಚಿಗೆಯಾದ ಗಾಡಿ. ಮೆಚ್ಚಲು ಕಾರಣಗಳೂ ಇವೆ. ಆದ್ದರಿಂದ ತಕರಾರುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

1. ‘ವಿ8 ಇಲ್ಲದ ಮೇಲೆ ಅದು ಟ್ರಕ್ಕೇ ಅಲ್ಲ’

ಹಳೆಯ 5.7 ಲೀಟರ್ ವಿ8 ಗಟ್ಟಿಮುಟ್ಟಾದ ಎಂಜಿನ್. ಅದರ ಗುಡುಗು ಕೇಳಿ ಬೆಳೆದವರ ಬೇಸರ ನನಗೂ ಅರ್ಥವಾಗುತ್ತದೆ. ಆದರೆ ಭಾರ ಎಳೆಯುವುದು ಸದ್ದಲ್ಲ, ಟಾರ್ಕ್, ಅಂದರೆ ತಿರುಗಿಸುವ ಬಲ. ಆ ವಿ8 ಕೊಡುತ್ತಿದ್ದದ್ದು 381 ಅಶ್ವಶಕ್ತಿ, ಸುಮಾರು 544 ನ್ಯೂಟನ್ ಮೀಟರ್ ಟಾರ್ಕ್. ಅದೂ ಎಂಜಿನ್ ನಿಮಿಷಕ್ಕೆ 3,600 ಸುತ್ತು ತಿರುಗಿದಾಗ. ಹೊಸ ಹೈಬ್ರಿಡ್ ಕೊಡುವುದು 437 ಅಶ್ವಶಕ್ತಿ, ಸುಮಾರು 790 ನ್ಯೂಟನ್ ಮೀಟರ್. ಅದೂ ಬರೀ 2,400 ಸುತ್ತಿಗೇ.

ಇದರ ಬೆಲೆ ತಿಳಿಯಬೇಕಾದರೆ ಕೆರೆಯ ದಡದಲ್ಲಿ ದೋಣಿ ಮೇಲೆಳೆಯುವುದನ್ನು ನೋಡಬೇಕು. ಟ್ರೇಲರ್ ಅರ್ಧ ನೀರಿನಲ್ಲಿ, ಟ್ರಕ್ಕಿನ ಹಿಂದಿನ ಚಕ್ರಗಳು ಪಾಚಿ ಹಿಡಿದ ಒದ್ದೆ ಕಾಂಕ್ರೀಟಿನ ಇಳಿಜಾರಿನಲ್ಲಿ. ಇಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಚಕ್ರ ಅಲ್ಲೇ ಸುತ್ತುತ್ತದೆ, ಗಾಡಿ ಅಡ್ಡ ಜಾರುತ್ತದೆ. ಎಂಜಿನ್ ಏರುದನಿ ಮಾಡುವ ಮೊದಲೇ ಬಲ ಚಕ್ರಕ್ಕೆ ಇಳಿಯಬೇಕು, ಹದವಾಗಿ ಇಳಿಯಬೇಕು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತ 48 ಅಶ್ವಶಕ್ತಿಯ ಮೋಟಾರು ಮಾಡುವ ಕೆಲಸ ಇದೇ. ಟರ್ಬೋ ಉಸಿರು ಹಿಡಿಯುವಷ್ಟರಲ್ಲಿ ಅದು, ಏರಿನಲ್ಲಿ ಗಾಡಿಗೆ ಹೆಗಲು ಕೊಡುವ ಆಳಿನಂತೆ, ತನ್ನ ಪಾಲಿನ ಬಲ ಕೊಟ್ಟಿರುತ್ತದೆ. ಟಿಆರ್‌ಡಿ ಪ್ರೊ ಸುಮಾರು 5 ಟನ್ ಎಳೆಯಬಲ್ಲದು. ಇದನ್ನು ಟ್ರಕ್ ಅಲ್ಲವೆಂದರೆ ಇನ್ನು ಯಾವುದು ಟ್ರಕ್?

2. ‘ಬ್ಯಾಟರಿ ಕೈಕೊಟ್ಟರೆ ಕಾಡಿನಲ್ಲಿ ಗತಿಯೇನು?’

ಇದು ನ್ಯಾಯವಾದ ಭಯ. ಆದರೆ ಹಿಂದಿನ ಸೀಟಿನ ಕೆಳಗಿರುವ ಬ್ಯಾಟರಿ ಯಾವುದೋ ಹೊಚ್ಚಹೊಸ ಪ್ರಯೋಗವಲ್ಲ. ಅದು ನಿಕಲ್ ಮೆಟಲ್ ಹೈಡ್ರೈಡ್ ಜಾತಿಯದು. 1997ರಲ್ಲಿ ಜಪಾನಿನಲ್ಲಿ ಮೊದಲ ಪ್ರಿಯಸ್ ಹೊರಬಂದಾಗಿನಿಂದ ಟೊಯೋಟಾ ಪಳಗಿಸಿಕೊಂಡು ಬಂದದ್ದು. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲೂ ಇದೇ ಜಾತಿಯ ಬ್ಯಾಟರಿ ಇದೆ. ಹಗಲಿರುಳು ಓಡುವ ಟ್ಯಾಕ್ಸಿಗಳಲ್ಲಿ ಬಾಳಿ ತೋರಿಸಿದ ಬಗೆ ಇದು. ಅಮೆರಿಕದಲ್ಲಿ ಇದಕ್ಕೆ 10 ವರ್ಷ ಅಥವಾ 1,50,000 ಮೈಲಿ, ಅಂದರೆ ಸುಮಾರು 2.4 ಲಕ್ಷ ಕಿ.ಮೀ. ವಾರಂಟಿ ಇದೆ.

3. ‘ಇಷ್ಟೆಲ್ಲ ಮಾಡಿ ಉಳಿಸಿದ್ದೆಷ್ಟು? ಐದು ಮೈಲಿ!’

ಈ ಮಾತು ಕೇಳಲು ಸರಿಯೆನಿಸುತ್ತದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಹಳೆಯ ನಾಲ್ಕು ಚಕ್ರ ಚಾಲನೆಯ ಟಂಡ್ರಾ ಗ್ಯಾಲನ್ನಿಗೆ 14 ಮೈಲಿ ಕೊಡುತ್ತಿತ್ತು, ಹೊಸ ಟಿಆರ್‌ಡಿ ಪ್ರೊ 19 ಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ 6 ಕಿ.ಮೀ. ಇದ್ದದ್ದು 8 ಆಗಿದೆ. ವರ್ಷಕ್ಕೆ 24,000 ಕಿ.ಮೀ. ಓಡಿಸುವವನಿಗೆ ಮೊದಲು 4,000 ಲೀಟರ್ ಪೆಟ್ರೋಲ್ ಬೇಕಿತ್ತು, ಈಗ 3,000 ಸಾಕು. ಅದೇ ದೂರಕ್ಕೆ ಸಣ್ಣ ಕಾರೊಂದರ ಮೈಲೇಜ್ 17ರಿಂದ 21ಕ್ಕೆ ಏರಿದರೆ ಉಳಿಯುವುದು 300 ಲೀಟರಿಗೂ ಕಡಿಮೆ. ಹೆಚ್ಚು ಕುಡಿಯುವ ಗಾಡಿಯಲ್ಲಿ ಮಾಡಿದ ಸಣ್ಣ ಸುಧಾರಣೆಯೇ ಹೆಚ್ಚು ಎಣ್ಣೆ ಉಳಿಸುತ್ತದೆ. ಬಲ ಹೆಚ್ಚಿಸಿಯೂ ಸಾವಿರ ಲೀಟರ್ ಉಳಿಸಿದ್ದು ಸಣ್ಣ ಸಾಧನೆಯಲ್ಲ.

4. ‘ಹಾಗಾದರೆ ಪೂರ್ತಿ ಎಲೆಕ್ಟ್ರಿಕ್ ಮಾಡಬಹುದಿತ್ತಲ್ಲ?’

ಊರೊಳಗೆ ಓಡುವ, ರಾತ್ರಿ ಮನೆಯಲ್ಲೇ ಚಾರ್ಜ್ ಆಗುವ ಗಾಡಿಗೆ ಎಲೆಕ್ಟ್ರಿಕ್ ಒಳ್ಳೆಯದೇ. ಆದರೆ ಭಾರೀ ಟ್ರೇಲರ್ ಕಟ್ಟಿದರೆ ಎಲೆಕ್ಟ್ರಿಕ್ ಪಿಕಪ್ ಓಡುವ ದೂರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಇನ್ನು ಕಾಡುಮೇಡಿನ ಹಾದಿ. ಯೂಟಾ ರಾಜ್ಯದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಮೇಜ್ ಭಾಗಕ್ಕೆ ಹೋಗುವವರು ಹೆದ್ದಾರಿ ಬಿಟ್ಟು 46 ಮೈಲಿ, ಅಂದರೆ 74 ಕಿ.ಮೀ. ಮಣ್ಣುರಸ್ತೆಯಲ್ಲಿ ಸಾಗಿದ ಮೇಲೆ ಹ್ಯಾನ್ಸ್ ಫ್ಲಾಟ್ ರೇಂಜರ್ ಠಾಣೆ ಸಿಗುತ್ತದೆ. ಅಲ್ಲಿ ಪೆಟ್ರೋಲ್ ಇಲ್ಲ, ಊಟವಿಲ್ಲ. ನಿಜವಾದ ಒರಟು ಹಾದಿ ಶುರುವಾಗುವುದೇ ಅಲ್ಲಿಂದ ಮುಂದೆ. ಅಂಥ ಕಡೆ 120 ಲೀಟರಿಗೂ ಹೆಚ್ಚು ಹಿಡಿಯುವ ಟ್ಯಾಂಕೇ ಧೈರ್ಯ.

5. ‘ಎಂಜಿನ್ನುಗಳೇ ಕೆಟ್ಟು ವಾಪಸ್ ಕರೆಸಿಕೊಂಡರಲ್ಲ?’

ಹೌದು, ಇದನ್ನು ಮುಚ್ಚಿಡಬಾರದು. ಕಾರ್ಖಾನೆಯಲ್ಲಿ ಲೋಹ ಕೊರೆದಾಗ ಉಳಿದ ಚೂರುಗಳು ಎಂಜಿನ್ನಿನೊಳಗೇ ಸೇರಿದ್ದರಿಂದ 2024ರ ಮೇ ತಿಂಗಳಲ್ಲಿ ಟೊಯೋಟಾ ಸುಮಾರು ಒಂದು ಲಕ್ಷ ಟಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ಗಾಡಿಗಳನ್ನು ರೀಕಾಲ್ ಮಾಡಿತು. ಇದು ದೊಡ್ಡ ತಪ್ಪು. ಹೆಸರುವಾಸಿ ಕಂಪನಿಯಾದ್ದರಿಂದ ಇನ್ನೂ ದೊಡ್ಡದು. ಆದರೆ ಇದನ್ನು ಹೈಬ್ರಿಡ್ಡಿನ ತಲೆಗೆ ಕಟ್ಟುವುದು ಸರಿಯಲ್ಲ. ಆ ರೀಕಾಲ್ ಪಟ್ಟಿಯಲ್ಲಿದ್ದವು ಹೈಬ್ರಿಡ್ ಅಲ್ಲದ ಗಾಡಿಗಳು. ದೋಷ ಕಾರ್ಖಾನೆಯ ಶುಚಿಯಲ್ಲಿತ್ತೇ ಹೊರತು ಮೋಟಾರು ಜೋಡಿಸಿದ್ದರಲ್ಲಿ ಅಲ್ಲ. ಹಾಗಂತ ಹೈಬ್ರಿಡ್ ಕೊಳ್ಳುವವರು ನಿಶ್ಚಿಂತೆಯಿಂದ ಇರಿ ಎನ್ನಲಾರೆ. ಅದರಲ್ಲಿರುವುದೂ ಅದೇ ಮೂಲದ ವಿ6. ಎಂಜಿನ್ ನಿಂತರೂ ಮೋಟಾರಿನಿಂದ ಸ್ವಲ್ಪ ದೂರ ಸಾಗಬಹುದು ಎಂಬುದೇ ಹೈಬ್ರಿಡ್ ಗಾಡಿಗಳನ್ನು ಆ ರೀಕಾಲಿನಿಂದ ಹೊರಗಿಟ್ಟದ್ದಕ್ಕೆ ಕಂಪನಿ ಕೊಟ್ಟ ಕಾರಣ. ಹಳೆಯ ಗಾಡಿ ಕೊಳ್ಳುವವರು ಸರ್ವಿಸ್ ದಾಖಲೆಯನ್ನು ಬಿಡದೆ ಕೇಳಿ ನೋಡಬೇಕು.

6. ‘ಇದೆಲ್ಲ ಷೋಕಿ, ಮಣ್ಣಿಗಿಳಿಯುವವರು ಯಾರು?’

ಷೋಕಿಗೆ ಕೊಳ್ಳುವವರು ಇದ್ದಾರೆ, ಇರಲಿ. ಅದರಿಂದ ಗಾಡಿಯ ಗುಣ ಕೆಡುವುದಿಲ್ಲ. ಹಿಂದೆ ಟಂಡ್ರಾದ ಹಿಂಬದಿಗೆ ಲಾರಿಗಳಲ್ಲಿರುವಂಥ ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್ ಇತ್ತು. ಖಾಲಿ ಗಾಡಿ ಅಲೆಯಲೆಯಾಗಿ ಎದ್ದ ಮಣ್ಣುರಸ್ತೆಗೆ ಇಳಿದರೆ ಹಿಂಭಾಗ ಪುಟಪುಟನೆ ಹಾರಿ ಪಕ್ಕಕ್ಕೆ ಸರಿಯುತ್ತಿತ್ತು. ಈಗ ಕಾಯಿಲ್ ಸ್ಪ್ರಿಂಗ್ ಬಂದಿದೆ. ಟಿಆರ್‌ಡಿ ಪ್ರೊಗೆ ಫಾಕ್ಸ್ ಕಂಪನಿಯ ಷಾಕ್ ಅಬ್ಸಾರ್ಬರ್‌ಗಳು, 33 ಇಂಚಿನ ಟೈರುಗಳು, ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕಿಂಗ್ ಡಿಫರೆನ್ಷಿಯಲ್ ಇವೆ. ತೋಟ, ರ‍್ಯಾಂಚು, ಗಣಿ, ಕಾಡುಗಳಲ್ಲಿ ದಿನವೂ ದುಡಿಯುವವರಿಗೆ ಇದು ಬೆನ್ನು ಉಳಿಸುವ ಮಾತು. ಟಿಆರ್‌ಡಿ ಪ್ರೊ ದುಬಾರಿ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಇದೇ ಹೈಬ್ರಿಡ್ ಎಂಜಿನ್ ಅದಕ್ಕಿಂತ ಕಡಿಮೆ ಬೆಲೆಯ ಲಿಮಿಟೆಡ್ ಮಾದರಿಯಲ್ಲೂ ಸಿಗುತ್ತದೆ.

ಇನ್ನು ಇಷ್ಟು ದೊಡ್ಡ ಗಾಡಿಯೇ ಭೂಮಿಗೆ ಭಾರ ಎನ್ನುವವರಿಗೆ ಕಡೆಯ ಮಾತು. ಫೋರ್ಡ್ ಎಫ್ ಸರಣಿ 1977ರಿಂದಲೂ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಆಗಿದೆ. ಅಲ್ಲಿನ ಜನ ದೊಡ್ಡ ಪಿಕಪ್ ಬಿಡುತ್ತಾರೆಂದು ಕಾಯುತ್ತ ಕೂರುವುದಕ್ಕಿಂತ, ಅವರು ಹೇಗೂ ಕೊಳ್ಳುವ ಗಾಡಿ ಕಡಿಮೆ ಎಣ್ಣೆ ಸುಡುವಂತೆ ಮಾಡುವುದು ಇಂದೇ ಫಲ ಕೊಡುವ ದಾರಿ. ಬಲ ಕಸಿದುಕೊಂಡು ಮೈಲೇಜ್ ಕೊಟ್ಟಿದ್ದರೆ ಯಾವ ರೈತನೂ ಯಾವ ಗುತ್ತಿಗೆದಾರನೂ ಇದರತ್ತ ತಿರುಗಿ ನೋಡುತ್ತಿರಲಿಲ್ಲ. ಬಲವನ್ನೂ ಹೆಚ್ಚಿಸಿದ್ದಕ್ಕೇ ಈ ಹೈಬ್ರಿಡ್ ಅವರ ಅಂಗಳಕ್ಕೆ ಬಂದು ನಿಂತಿದೆ. ನನ್ನ ಉತ್ಸಾಹಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.