‘ಡೀಕೋಡರ್ ಹೋಗಿದೆ’ ಅನ್ನೋ ಮೊದಲು

ಮಾಡೆಲ್ ರೈಲಿನ ಹುಚ್ಚಿರೋರ ಬಾಯಲ್ಲಿ ನಾನು ಪದೇ ಪದೇ ಕೇಳಿರೋ ಮಾತು ‘ಡೀಕೋಡರ್ ಹೋಗಿದೆ’. ಬಹಳ ಸಲ ಅದು ಹೋಗಿರೋದಿಲ್ಲ. ನಾನೇ ಒಂದು ಸಲ ಬದುಕಿದ್ದ ಡೀಕೋಡರಿಗೆ ತಿಥಿ ಮಾಡಿದ್ದೀನಿ, ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಎರಡು ಮಾತು. ಹಳೇ ಪದ್ಧತಿಯಲ್ಲಿ ಹಳಿಗೆ ಎಷ್ಟು ವೋಲ್ಟ್ ಕೊಡ್ತೀವೋ ಎಂಜಿನ್ ಅಷ್ಟು ಜೋರಾಗಿ ಓಡುತ್ತೆ. ಡಿಸಿಸಿಯಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವಿದ್ಯುತ್, ಅದರ ಜೊತೆಗೇ ‘ಮೂರನೇ ನಂಬರು, ನಿಧಾನಕ್ಕೆ ಮುಂದೆ ಹೋಗು’ ಅನ್ನೋ ಥರದ ಆದೇಶ. ಎಂಜಿನ್ ಹೊಟ್ಟೆಯಲ್ಲಿರೋ ಡೀಕೋಡರ್ ತನ್ನ ನಂಬರ್ ಬಂದ್ರೆ ಮಾತ್ರ ಮೋಟಾರ್ ತಿರುಗಿಸುತ್ತೆ. ಅದರ ಸೆಟ್ಟಿಂಗೆಲ್ಲ ಸಿವಿ 1, ಸಿವಿ 2 ಅಂತ ನಂಬರ್ ಹಾಕಿದ ಖಾನೆಗಳಲ್ಲಿರುತ್ತೆ. ಜರ್ಮನಿಯ ಲೆನ್ಜ್ ಕಂಪನಿಯ ಪದ್ಧತಿ ಹಿಡಿದು ಅಮೆರಿಕದ ಎನ್‌ಎಂಆರ್‌ಎ ಸಂಸ್ಥೆ 1990ರ ದಶಕದಲ್ಲಿ ಇದನ್ನ ಸ್ಟ್ಯಾಂಡರ್ಡ್ ಮಾಡ್ತು.

ನಾನು ಅಮೆರಿಕದಲ್ಲಿದ್ದಾಗ ಪಕ್ಕದ ಮನೆಯ ಮುದುಕರೊಬ್ಬರು ಒಂದು ಎಚ್‌ಓ ಡೀಸೆಲ್ ಎಂಜಿನ್ ತಂದುಕೊಟ್ರು. ದೀಪ ಹತ್ತುತ್ತೆ, ಹಾರ್ನ್ ಹೊಡೆಯುತ್ತೆ, ಒಂದಿಂಚೂ ಕದಲಲ್ಲ. ತೀರಿಹೋದ ಮಗ ಸೆಟ್ ಮಾಡಿಕೊಟ್ಟಿದ್ದಂತೆ. ನಾನು ಪ್ರೋಗ್ರಾಮಿಂಗ್ ಹಳಿ ಮೇಲಿಟ್ಟು ಸಿವಿ ಓದೋಕೆ ನೋಡಿದೆ, ಉತ್ತರ ಬರಲಿಲ್ಲ. ‘ಮೋಟಾರ್ ಭಾಗ ಸುಟ್ಟಿದೆ’ ಅಂತ ತೀರ್ಪು ಕೊಟ್ಟು ಹೊಸ ಡೀಕೋಡರ್ ಹಾಕಿದೆ. ಓಡಿತು. ಅವರು ಥ್ಯಾಂಕ್ಸ್ ಹೇಳಿದ್ರು, ಆದ್ರೆ ಮುಖ ಅಷ್ಟೇನೂ ಅರಳಲಿಲ್ಲ. ಹಾರ್ನ್ ಬೇರೆಯಾಗಿತ್ತು.

ಅಲ್ಲಿ ನಾನು ಮಾಡಿದ ತಪ್ಪು ನೋಡಿ. ಸಿವಿ ಓದುವಾಗ ಡೀಕೋಡರ್ ಬಾಯಲ್ಲಿ ಉತ್ತರ ಹೇಳಲ್ಲ. ಸಾಮಾನ್ಯವಾಗಿ ಮೋಟಾರಿಗೆ ಕ್ಷಣಮಾತ್ರ ಕರೆಂಟ್ ಕೊಟ್ಟು, ಕಡೇಪಕ್ಷ 60 ಮಿಲಿಆಂಪ್ ಹೆಚ್ಚಾಗಿ ಸುಮಾರು 6 ಮಿಲಿಸೆಕೆಂಡ್ ಎಳೆದು ‘ಹೂಂ’ ಅನ್ನುತ್ತೆ. ಚಕ್ರದಲ್ಲಿ ಕೊಳೆ ಇದ್ರೆ ಆ ‘ಹೂಂ’ ಕೇಳಿಸಲ್ಲ. ಸದ್ದು ಮಾಡೋ ಡೀಕೋಡರುಗಳಿಗಂತೂ ಕೆಲವು ಕಂಟ್ರೋಲರುಗಳು ಪ್ರೋಗ್ರಾಮಿಂಗ್ ಹಳಿಗೆ ಬಿಡೋ ಸ್ವಲ್ಪ ಕರೆಂಟೇ ಸಾಲಲ್ಲ. ಓದೋಕೆ ಬರಲಿಲ್ಲ ಅಂದ್ರೆ ಸತ್ತಿದೆ ಅಂತಲ್ಲ. ಆವತ್ತು ಓದುವಾಗ ಎಂಜಿನ್ ಒಂದು ಕೂದಲೆಳೆಯಷ್ಟು ಕುಲುಕಿತ್ತು, ನಾನೇ ಕಣ್ಣಾರೆ ನೋಡಿದ್ದೆ. ಸತ್ತದ್ದು ಕುಲುಕುತ್ತಾ?

ಕೆಲವು ತಿಂಗಳಾದ ಮೇಲೆ ಗೆಳೆಯನ ಕಂಟ್ರೋಲರಿನಲ್ಲಿ ಸುಮ್ಮನೆ ಆ ಹಳೇ ಡೀಕೋಡರ್ ಓದಿಸಿದೆ. ಸಿವಿ 19ರಲ್ಲಿ 12 ಅಂತಿತ್ತು. ಎರಡು ಎಂಜಿನ್ ಜೋಡಿಸಿ ಒಟ್ಟಿಗೆ ಓಡಿಸುವಾಗ ಜೋಡಿಯ ನಂಬರ್ ಬರೆಯೋ ಖಾನೆ ಅದು. ಅದು ಸೊನ್ನೆಯಲ್ಲದಿದ್ರೆ ವೇಗದ ಆದೇಶವನ್ನ ಜೋಡಿ ನಂಬರಿನಿಂದ ಮಾತ್ರ ಕೇಳುತ್ತೆ. ದೀಪ, ಹಾರ್ನ್ ಮಾತ್ರ ಸ್ವಂತ ನಂಬರಿಗೂ ಓಗೊಡುತ್ತೆ. ಮಗ ಜೋಡಿ ಮಾಡಿದ್ದ, ಬಿಡಿಸೋರು ಯಾರೂ ಇರಲಿಲ್ಲ. ಅಷ್ಟೇ.

‘ಮೊದಲು ರೀಸೆಟ್ ಮಾಡಿ, ಸಿವಿ 8ಕ್ಕೆ 8 ಬರೀರಿ’ ಅಂತ ಎಲ್ಲರೂ ಹೇಳ್ತಾರೆ. ಬಹಳಷ್ಟು ಕಂಪನಿಗಳ ಡೀಕೋಡರಿಗೆ ಅದು ಕೆಲಸವೂ ಮಾಡುತ್ತೆ, ನಂಬರ್ ಮತ್ತೆ 3ಕ್ಕೆ ಬರುತ್ತೆ. ನನ್ನ ತಕರಾರು ಇಲ್ಲೇ. ರೀಸೆಟ್ ಮಾಡಿದ್ರೆ ಎಂಜಿನ್ ಓಡ್ತಿತ್ತು, ಆದ್ರೆ ಆ ಹುಡುಗ ಕೂತು ತಿದ್ದಿದ್ದೆಲ್ಲ ಅಳಿಸಿಹೋಗ್ತಿತ್ತು. ಚಕ್ರ, ಹಳಿ ಒರೆಸಿ, 1, 19, 29 ಈ ಮೂರು ಖಾನೆ ಓದಿ ಕಾಗದದ ಮೇಲೆ ಬರ್ಕೊಳ್ಳಿ. ರೀಸೆಟ್ ಎಲ್ಲಾ ಮುಗಿದ ಮೇಲೆ.

ಹಳೇ ಡೀಕೋಡರ್ ವಾಪಸ್ ಹಾಕಿ, ಸಿವಿ 19 ಸೊನ್ನೆ ಮಾಡಿ ಅವರ ಮನೆಗೆ ಒಯ್ದೆ. ಥ್ರಾಟಲ್ ತಿರುಗಿಸಿದ್ರು. ಮಗ ಸಿವಿ 3ರಲ್ಲಿ ದೊಡ್ಡ ಸಂಖ್ಯೆ ಇಟ್ಟಿದ್ದ, ಹಾಗಾಗಿ ಎಂಜಿನ್ ತುಂಬಿದ ಗೂಡ್ಸ್ ಎಳೆಯೋ ಹಾಗೆ ಹೊರಡೋಕೇ ಹೊತ್ತು ತಗೊಳ್ತು. ‘ಕಡಿಮೆ ಮಾಡ್ಲಾ?’ ಅಂದೆ.

ಬೇಡ ಅಂದ್ರು.