ಮಾಳಿಗೆಯ ವಿದ್ಯುತ್ತೂ ಲೈನ್‌ಮನ್ನನ ಪ್ರಾಣವೂ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದಂದಿನಿಂದ ನಮ್ಮ ತಂತಿಗಳ ಏರ್ಪಾಡೆಲ್ಲವೂ ಒಂದೇ ನಂಬಿಕೆಯ ಮೇಲೆ ನಿಂತಿದ್ದಿತು: ಶಕ್ತಿಯು ಉತ್ಪತ್ತಿಸ್ಥಾನದಿಂದ ಮನೆಯ ಕಡೆಗೆ ಹರಿಯುವುದೇ ಹೊರತು ಹಿಂದಕ್ಕೆ ಹರಿಯದು. ಫ್ಯೂಸು, ರಿಲೇಗಳನ್ನೂ ಈ ಲೆಕ್ಕದಿಂದಲೇ ಇಟ್ಟರು. ಈಗಲಾದರೋ ಮಾಳಿಗೆಗಳ ಮೇಲೆ ಸೌರಫಲಕಗಳು ಏರುತ್ತಿವೆ. 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳು. ಇದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ.

ಆದರೆ ಕಂಬವನ್ನೇರುವವನ ಗತಿಯೇನು? ಸ್ವಿಚ್ಚು ತೆಗೆದಿದೆ, ತಂತಿಯಲ್ಲಿ ಶಕ್ತಿಯಿಲ್ಲವೆಂದು ನಂಬಿ ಅವನು ಕೈಯಿಡುತ್ತಾನೆ. ಬೀದಿಯ ಯಾವುದೋ ಮಾಳಿಗೆಯಿಂದ ಶಕ್ತಿಯು ಹಿಂದಕ್ಕೆ ಹರಿದು ಬಂದರೆ ಮುಗಿಯಿತು. ಹಾಗಾಗಬಾರದೆಂದೇ ಕೇಂದ್ರ ವಿದ್ಯುತ್ ಪ್ರಾಧಿಕಾರದವರ 2013ರ ನಿಯಮಗಳು, ಸರಬರಾಜು ತಪ್ಪಿ ಬೀದಿಯ ತಂತಿ ಒಂಟಿಯಾದ 2 ಸೆಕೆಂಡುಗಳೊಳಗೆ ಇನ್ವರ್ಟರು ಶಕ್ತಿ ಕೊಡುವುದನ್ನು ನಿಲ್ಲಿಸತಕ್ಕದ್ದೆಂದೂ, ಹೊರಗಿನಿಂದ ಬೀಗ ಹಾಕಬಹುದಾದ ಸ್ವಿಚ್ಚು ಇರತಕ್ಕದ್ದೆಂದೂ ವಿಧಿಸಿವೆ. ಛತ್ರಗಳ ಡೀಸಲ್ ಜನರೇಟರನ್ನು ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಜೋಡಿಸುವ ಮಹನೀಯರಿಗೆ ನಿಯಮವೇ ಬೇಡ. ಅವರ ಮಾತು ಬೇರೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದಿಲ್ಲ. ತಂತಿ ಹರಿದು ಬಿದ್ದಾಗ ಇನ್ವರ್ಟರು ಕೊಡುವ ಪ್ರವಾಹವು ವಾಡಿಕೆಯದಕ್ಕಿಂತ ತುಸುವೇ ಹೆಚ್ಚು. ಫ್ಯೂಸಿಗೆ ಅದು ದೋಷವೆಂದೇ ತೋರದು. ದೋಷಕ್ಕೆ ದಾರಿಯ ನಡುವಿನಿಂದಲೂ ಪ್ರವಾಹ ಸೇರಿದರೆ ಉಪಕೇಂದ್ರದ ರಿಲೇಗೆ ಕಾಣುವ ಪಾಲು ಕುಗ್ಗಿ, ಅದು ತಡಮಾಡುವುದೂ ಉಂಟು.

ಆದುದರಿಂದ ವಿದ್ಯುತ್ ಸರಬರಾಜು ಕಂಪೆನಿಗಳವರು ಮೀಟರು ಕೂಡಿಸಿ ರಸೀತಿ ಕೊಟ್ಟಲ್ಲಿಗೆ ಕೆಲಸ ಮುಗಿಯಿತೆಂದೆಣಿಸಬಾರದು. ಇನ್ವರ್ಟರುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಲಿ. ಫಲಕಗಳು ಹೆಚ್ಚಿದ ಫೀಡರುಗಳ ರಿಲೇ ಲೆಕ್ಕವನ್ನು ಹೊಸದಾಗಿ ಕಟ್ಟಲಿ. ಕೆಲಸದ ಸ್ಥಳದ ಎರಡು ಕಡೆಗಳಲ್ಲಿಯೂ ತಂತಿಯನ್ನು ಭೂಮಿಗೆ ಜೋಡಿಸದೆ ಯಾರನ್ನೂ ಕಂಬ ಹತ್ತಿಸದಿರಲಿ.