ನಡುಮನೆಗೆ ಬಣ್ಣದ ಗಿಡಗಳು



ಜನವರಿಯಲ್ಲಿಯೂ ಆಗಸ್ಟಿನಲ್ಲಿಯೂ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ನೋಡಲು ಹೋದ ನಮ್ಮ ಗೃಹಿಣಿಯರು ಬಣ್ಣದೆಲೆಯ ಗಿಡಗಳನ್ನು ಕೊಂಡು ಚಳ್ಳಕೆರೆಗೂ ಮೊಳಕಾಲ್ಮೂರಿಗೂ ತರುವುದುಂಟು. ಬೇಸಗೆ ತಲೆದೋರುವುದರೊಳಗೆ ಅವುಗಳಲ್ಲಿ ಬಹುಪಾಲು ಒಣಗಿಹೋಗುತ್ತವೆ. ತಮ್ಮ ಕೈಗುಣವೇ ಸರಿಯಿಲ್ಲವೆಂದು ಹಲವರು ನನ್ನೊಡನೆ ಕೊರಗಿದ್ದಾರೆ. ಆರಿಸುವಾಗಲೇ ತಪ್ಪಾಗಿದೆಯೆಂದು ನಾನು ಹೇಳುವೆನು. 1889ರಲ್ಲಿ ಅಡಿಗಲ್ಲು ಹಾಕಿದ ಆ ಗಾಜಿನ ಮನೆಯ ಬೆಳಕೆಲ್ಲಿ, ವರವು ಕಾವಲಿನ ಕಡೆಯಿಂದ ಬೀಸುವ ಒಣಗಾಳಿಗೆ ಕಿಟಕಿ ಮುಚ್ಚಿಕೊಂಡ ನಮ್ಮ ನಡುಮನೆಯೆಲ್ಲಿ!

ಎಲೆಯು ತನ್ನ ಆಹಾರವನ್ನು ಹಸುರಿನಿಂದಲೇ ಸಿದ್ಧಮಾಡಿಕೊಳ್ಳುವುದಷ್ಟೆ. ಹಳದಿ, ಕೆಂಪು ಹೆಚ್ಚಿದಷ್ಟೂ ಹಸುರು ಕುಗ್ಗುವುದರಿಂದ ಅಂಥ ಗಿಡಕ್ಕೆ ಬೆಳಕು ಹೆಚ್ಚು ಬೇಕು. ಮಲಯ, ಪೆಸಿಫಿಕ್ ದ್ವೀಪಗಳಿಂದ ಬಂದ ಕ್ರೋಟನ್ನನ್ನು ಕತ್ತಲೆಯ ಮೂಲೆಯಲ್ಲಿಟ್ಟರೆ ಅದು ಬಣ್ಣಗೆಡುವುದು, ಎಲೆಯುದುರಿಸುವುದು. ಅದಕ್ಕೆ ಬಿಸಿಲು ಬೀಳುವ ಜಗಲಿಯೇ ತಕ್ಕ ಸ್ಥಳ. ಕೋಲಿಯಸ್ಸು ಪೂರ್ವದ ಕಿಟಕಿಯ ಬಳಿ ಬದುಕೀತು.

ನೀರಿನ ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ನಮ್ಮ ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡು ಹೆಚ್ಚು. ಮಕ್ಕಳ ಹಲ್ಲನ್ನು ಕೆಡಿಸುವ ಆ ನೀರು ಡ್ರಸೀನದ ಎಲೆಯ ತುದಿಯನ್ನೂ ಸುಡುತ್ತದೆ. ಮಳೆನೀರನ್ನು ಹಿಡಿದಿಡಲಾಗದವರು ಡ್ರಸೀನದ ಆಸೆಯನ್ನು ಬಿಡುವುದೊಳ್ಳೆಯದು. ಅಂಬೆಗಾಲಿಡುವ ಮಗುವಿರುವ ಮನೆಗೆ ಕ್ಯಾಲೇಡಿಯಂ, ಡೀಫೆನ್‌ಬೇಕಿಯಗಳು ಎಷ್ಟು ಚೆಲುವಾಗಿದ್ದರೂ ಬೇಡವೇ ಬೇಡ. ಅವುಗಳ ಎಲೆಯನ್ನು ಕಚ್ಚಿದರೆ ಸೂಜಿಯಂಥ ಹರಳುಗಳು ಚುಚ್ಚಿ ನಾಲಗೆ, ಗಂಟಲು ಬಾತುಕೊಳ್ಳುತ್ತವೆ. ಮನಿ ಪ್ಲಾಂಟಿನಲ್ಲಿಯೂ ಇದೇ ದೋಷವಿರುವುದರಿಂದ ಅದನ್ನು ಎತ್ತರದಲ್ಲಿ ತೂಗುಹಾಕತಕ್ಕದ್ದು.

ಹಾಗಾದರೆ ಯಾವುದನ್ನು ತರಬೇಕು? ಹಳದಿ ಅಂಚಿನ ಸ್ನೇಕ್ ಪ್ಲಾಂಟನ್ನೇ ನಾನು ಮೊದಲು ಹೇಳುವೆನು. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಈ ಗಿಡವು ಒಣಗಾಳಿಗೆ ಅಂಜದು. ಮಂದ ಬೆಳಕನ್ನೂ ಸಹಿಸೀತು. ಇದನ್ನೂ ಮಗುವಿನ ಬಾಯಿಗೆ ಸಿಗದಂತಿಡಬೇಕು. ಮಣ್ಣು ಪೂರಾ ಒಣಗಿದ ಮೇಲೆಯೇ ನೀರು ಹಾಕತಕ್ಕದ್ದು. ಇದನ್ನರಿಯದೆ ನಾನು ನನ್ನ ಕೊಠಡಿಯ ಮೊದಲ ಗಿಡಕ್ಕೆ ಪ್ರತಿದಿನವೂ ಅಕ್ಕರೆಯಿಂದ ನೀರೆರೆದು ಬೇರು ಕೊಳೆಸಿದೆನು.

ವರ್ಷಕ್ಕೆ ಐನೂರು ಮಿಲಿಮೀಟರು ಮಳೆಯೂ ಸರಿಯಾಗಿ ಬೀಳದ ಊರಿನಲ್ಲಿ ಗಿಡದ ಚೆಂದಕ್ಕಾಗಿ ಹೆಣ್ಣುಮಕ್ಕಳು ಇನ್ನೊಂದು ಕೊಡ ಹೊರುವುದನ್ನು ನಾನು ಒಪ್ಪಲಾರೆ. ಸೋಪು ಬೆರೆಯದ, ತರಕಾರಿ ತೊಳೆದ ನೀರಿನಲ್ಲಿ ಬದುಕುವಷ್ಟು ಕುಂಡಗಳಿದ್ದರೆ ಸಾಕು, ಎರಡಾದರೂ ಸರಿಯೇ.

ಸ್ನೇಕ್ ಪ್ಲಾಂಟಿನ ಮರಿಗಳು ಶಾಲೆಯ ಜಗಲಿಯಲ್ಲಿ ಬೇಕಾದಷ್ಟಿವೆ. ಮಳೆಗಾಲದಲ್ಲಿ ಬಂದವರಿಗೆ ಸಂತೋಷದಿಂದ ಕೊಡುವೆವು. ಕುಂಡವನ್ನು ಮಾತ್ರ ತಾವೇ ತರತಕ್ಕದ್ದು.